ಗಾಲಿ ಉರುಳದ ಹೊತ್ತಿನ ಸಂಬಳ

ಮದ್ದೂರು ರೈಲ್ವೆ ಸ್ಟೇಷನ್ನಿನಿಂದ ಮಳವಳ್ಳಿಗೆ ಹೋಗುವ ಬಸ್ಸನ್ನು ನಾನು ಆರು ವರ್ಷ ಓಡಿಸಿದೆ. ಅದರಲ್ಲಿ ನಾಲ್ಕು ವರ್ಷ ಓಡಿಸಿದ್ದು ಇದ್ದಿಲಿನ ಮೇಲೆ. ಯುದ್ಧ ಬಂದು ಪೆಟ್ರೋಲು ಕೂಪನ್ನಿನ ಮಾಲಾದಾಗ ನಮ್ಮ ಕಂಪನಿಯ ನಾಲ್ಕು ಬಸ್ಸುಗಳ ಬೆನ್ನಿಗೂ ಬಚ್ಚಲ ಹಂಡೆಯಂಥ ಒಂದೊಂದು ಕಬ್ಬಿಣದ ಒಲೆ ಕಟ್ಟಿಸಿದರು. ಅದರೊಳಗೆ ಇದ್ದಿಲು ತುಂಬಿ, ಬೆಂಕಿ ಹಚ್ಚಿ, ಪಕ್ಕದಲ್ಲಿದ್ದ ಕೈಫ್ಯಾನನ್ನು ತೋಳು ಬೀಳುವವರೆಗೆ ತಿರುಗಿಸಿದರೆ ಒಂದು ಥರದ ಗ್ಯಾಸು ಹುಟ್ಟುತ್ತಿತ್ತು. ಇಂಜಿನ್ನು ಅದನ್ನು ಕುಡಿದು ಓಡಬೇಕು. ಓಡುತ್ತಲೂ ಇತ್ತು, ಏರು ಬಂದಾಗ ಮಾತ್ರ ಜನ ಇಳಿದು ತಳ್ಳಬೇಕಿತ್ತು.

ಒಲೆ ಕಾದು ಗ್ಯಾಸು ಹದಕ್ಕೆ ಬರಲು ಒಂದೂವರೆ ಗಂಟೆ ಬೇಕು. ಹಿಂದಿನ ದಿನದ ಬೂದಿ ತೆಗೆಯಬೇಕು, ಮಸಿ ಕಟ್ಟಿದ ಕೊಳವೆ ಕೆರೆಯಬೇಕು, ಇದ್ದಿಲನ್ನು ಒಂದೇ ಅಳತೆಗೆ ಒಡೆದು ತುಂಬಬೇಕು. ಬೆಳಗಿನ ಮೊದಲ ಬಸ್ಸು ಆರೂವರೆಗೆ ಹೊರಡುತ್ತಿತ್ತು, ಹಾಗಾಗಿ ಐದಕ್ಕೇ ನಾವು ಸ್ಟೇಷನ್ನಿನ ಎದುರಿಗಿದ್ದ ಷೆಡ್ಡಿನಲ್ಲಿರಬೇಕು. ನಮ್ಮ ಸಂಬಳವಿದ್ದದ್ದು ಟ್ರಿಪ್ಪಿನ ಲೆಕ್ಕದಲ್ಲಿ. ಟ್ರಿಪ್ಪು ಅಂದರೆ ಮದ್ದೂರಿನಲ್ಲಿ ಗಾಲಿ ಉರುಳಿದಲ್ಲಿಂದ ಮಳವಳ್ಳಿಯಲ್ಲಿ ಗಾಲಿ ನಿಲ್ಲುವವರೆಗೆ. ಅದಕ್ಕೆ ಮುಂಚಿನ ಒಂದೂವರೆ ಗಂಟೆ ಯಾರ ಲೆಕ್ಕದಲ್ಲೂ ಇರಲಿಲ್ಲ. ಮೈಸೂರು ಕಡೆಯ ರೈಲು ತಡವಾದರೆ ಅದರ ಜನ ಬರುವ ತನಕ ಬಸ್ಸು ನಿಲ್ಲಿಸಿಕೊಂಡು ಕಾಯಬೇಕಿತ್ತು. ಆ ಹೊತ್ತೂ ಹಾಗೆಯೇ ಹೋಗುತ್ತಿತ್ತು.

ನಾನು ಪೂರಿಗಾಲಿಯವನು. ಅಪ್ಪನ ಹೊಲ ಅಣ್ಣನೊಬ್ಬನ ಕೈಗೇ ಸಾಲದಷ್ಟಿತ್ತು, ನಾನು ಎರಡನೆಯವನು. ಮಳವಳ್ಳಿಯಲ್ಲಿ ಮಿಡ್ಲ್ ಸ್ಕೂಲು ಮುಗಿಸಿದ ಮೇಲೆ ಈ ಕಂಪನಿಯವರೇ ನನಗೆ ಡ್ರೈವಿಂಗ್ ಕಲಿಸಿ ಲೈಸೆನ್ಸು ಮಾಡಿಸಿಕೊಟ್ಟರು. ಪ್ರತಿಯಾಗಿ ಒಂದು ಮುಚ್ಚಳಿಕೆ ಬರೆಸಿಕೊಂಡರು. ಆರು ವರ್ಷ ಬೇರೆಲ್ಲೂ ಹೋಗಬಾರದು, ಅಲ್ಲಿಯವರೆಗೆ ಲೈಸೆನ್ಸು ಯಜಮಾನರ ಪೆಟ್ಟಿಗೆಯಲ್ಲಿರಬೇಕು, ನಡುವೆ ಬಿಟ್ಟರೆ ಕಲಿಸಿದ ಖರ್ಚನ್ನು ಜಾಮೀನಾದವನು ಕಟ್ಟಿಕೊಡಬೇಕು. ಜಾಮೀನು ನಮ್ಮಪ್ಪ. ಓದಲು ಬಾರದ ಅಪ್ಪ ಅದಕ್ಕೆ ಹೆಬ್ಬೆಟ್ಟು ಒತ್ತಿದ. ಓದಲು ಬರುತ್ತಿದ್ದ ನಾನು ಸಂಭ್ರಮದಲ್ಲಿ ಅದನ್ನು ಓದಲೇ ಇಲ್ಲ.

ಯಜಮಾನರು ಮದ್ದೂರಿನ ದೊಡ್ಡ ಜಮೀನುದಾರರು, ಬೆಲ್ಲದ ವ್ಯಾಪಾರವೂ ಇತ್ತು. ಅವರನ್ನು ಕೆಟ್ಟವರೆಂದು ನಾನು ಹೇಳಲಾರೆ. ನನ್ನ ಮದುವೆಗೆ ಪಂಚೆ, ಸೀರೆ ಕೊಟ್ಟು ಹರಸಿದ್ದರು. ಎದುರು ಸಿಕ್ಕರೆ ನಾವೆಲ್ಲ ಚಪ್ಪಲಿ ಬಿಟ್ಟು ನಿಂತು ‘ಬುದ್ದಿ’ ಎನ್ನುತ್ತಿದ್ದೆವು. ಅವರ ಬಸ್ಸು, ಅವರ ಷೆಡ್ಡು, ಅವರ ಪೆಟ್ಟಿಗೆಯಲ್ಲಿ ನಮ್ಮ ಲೈಸೆನ್ಸು. ಇದರಲ್ಲಿ ತಪ್ಪೇನಿದೆ ಎಂದು ಮೂರು ವರ್ಷ ನನಗೂ ಹೊಳೆದಿರಲಿಲ್ಲ.

ನಾಲ್ವರು ಡ್ರೈವರುಗಳಲ್ಲಿ ಹಿರಿಯರು ಸೋಮನಹಳ್ಳಿಯವರು. ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವರು, ನನ್ನ ಕೈ ಹಿಡಿದು ಗೇರು ಹಾಕಲು ಕಲಿಸಿದವರು. ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆ. ಯುದ್ಧ ಮುಗಿಯುವುದಕ್ಕೆ ಮುಂಚಿನ ಚಳಿಗಾಲದಲ್ಲಿ ಒಂದು ದಿನ ಜಿಟಿಜಿಟಿ ಹನಿಯುತ್ತಿತ್ತು. ಇದ್ದಿಲು ನೆನೆಯದಿರಲೆಂದು ಷೆಡ್ಡಿನ ಬಾಗಿಲು ಎಳೆದುಕೊಂಡು ಒಲೆ ಹಚ್ಚಿದೆವು. ನನ್ನ ಫ್ಯಾನಿನ ಸದ್ದಿನಲ್ಲಿ ಅವರ ಫ್ಯಾನು ನಿಂತದ್ದು ನನಗೆ ಗೊತ್ತಾಗಲಿಲ್ಲ. ತಿರುಗಿ ನೋಡಿದಾಗ ಅವರು ಒಲೆಯ ಬುಡದಲ್ಲಿ ಮಗ್ಗುಲಾಗಿ ಬಿದ್ದಿದ್ದರು. ಮುಚ್ಚಿದ ಷೆಡ್ಡಿನಲ್ಲಿ ಒಲೆಯ ಗ್ಯಾಸು ತುಂಬಿ ನನಗೂ ತಲೆ ಗಿರ್ರೆನ್ನುತ್ತಿತ್ತು. ಕಂಕುಳಿಗೆ ಕೈ ಹಾಕಿ ಹನಿಯೊಳಗೇ ಅವರನ್ನು ಬೀದಿಗೆ ಎಳೆದು ತಂದೆ. ಮುಖಕ್ಕೆ ನೀರು ಹೊಡೆದು, ‘ಅಣ್ಣ, ಅಣ್ಣ’ ಎಂದು ಕೂಗಿ ಕೂಗಿ ಗಂಟಲು ಬಿದ್ದುಹೋಯಿತು. ಬಹಳ ಹೊತ್ತಿನ ಮೇಲೆ ಕಣ್ಣು ಬಿಟ್ಟು ವಾಂತಿ ಮಾಡಿಕೊಂಡರು. ಮೊದಲು ಅವರು ಕೇಳಿದ್ದು, “ಬಸ್ ಓಯ್ತಾ?” ಎಂದು.

ಆ ದಿನ ಅವರ ಬಸ್ಸು ಹೊರಡಲಿಲ್ಲ. ತಿಂಗಳ ಸಂಬಳದಲ್ಲಿ ಆ ಟ್ರಿಪ್ಪಿನದು ಮುರಿದುಕೊಂಡದ್ದಲ್ಲದೆ, ಟಿಕೆಟ್ಟು ವಾಪಸು ಕೊಟ್ಟ ಬಾಬ್ತು ಎಂದು ದಂಡವನ್ನೂ ಹಿಡಿದಿದ್ದರು. ಹಿರಿಯರ ಜೊತೆ ನಾನೂ ಯಜಮಾನರ ಜಗಲಿಯ ಕೆಳಗೆ ಹೋಗಿ ನಿಂತೆ.

“ಗಾಲಿ ಉರುಳ್ನಿಲ್ಲ. ಉರುಳ್ದೆ ಇರೋ ಗಾಲಿಗೆ ಸಂಬ್ಳ ಎಲ್ಲಿಂದ ತರ್ಲಿ?” ಎಂದರು ಯಜಮಾನರು.

“ಕೆಲ್ಸ ಮಾಡ್ತಾನೇ ಬಿದ್ದೆ ಬುದ್ದಿ,” ಎಂದರು ಹಿರಿಯರು.

“ನೀನು ಬಿದ್ದಿದ್ದು ಬಸ್ನಲ್ಲಲ್ಲ ಕಣ್ಲಾ, ಸೆಡ್ನಲ್ಲಿ.”

ಹೇಳಿ ಅವರು ಎದ್ದು ಒಳಗೆ ಹೋದರು. ಹಿರಿಯರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು.

ಮನೆಗೆ ಬಂದು ಹೆಂಡತಿಯ ಮುಂದೆ ಕೂಗಾಡಿದೆ. ಅವಳು ಕೊಕ್ಕರೆ ಬೆಳ್ಳೂರಿನವಳು, ಮಾತು ಕಡಿಮೆ. ರಾಗಿ ಬೀಸುತ್ತಾ ಕೇಳಿಸಿಕೊಂಡು, “ಆ ಒಂದೂವರೆ ಗಂಟೆ ನೀವು ಮಾಡೋದು ಯಾರ ಕೆಲ್ಸ?” ಎಂದಳು.

“ಅವರದೇ.”

“ಅವ್ರ ಕೆಲ್ಸ ಆಗಿದ್ರೆ ಸಂಬ್ಳ ಕೊಡೋರು. ಅವ್ರೇ ಅಲ್ಲ ಅಂತಾವ್ರಲ್ಲ. ಮತ್ಯಾಕ್ ಮಾಡ್ತೀರಿ? ಬುಡಿ.”

ಅಷ್ಟೇ ಹೇಳಿ ಅವಳು ಇನ್ನೊಂದು ಹಿಡಿ ರಾಗಿ ಹಾಕಿದಳು. ನಾನು ರಾತ್ರಿಯ ಊಟದವರೆಗೂ ಅದನ್ನೇ ತಿರುವಿ ಹಾಕಿದೆ. ಬಿಟ್ಟರೆ ಏನಾಗುತ್ತದೆ?

ಮಾರನೆಯ ದಿನ ಶಿಂಷಾ ಹೊಳೆಯಲ್ಲಿ ಬಸ್ಸು ತೊಳೆಯುವಾಗ ಉಳಿದ ಮೂವರಿಗೂ ಹೇಳಿದೆ. “ಆರೂವರೆಗೆ ಬರೋಣ. ಬಂದ ಮೇಲೆ ಒಲೆ ಹಚ್ಚೋಣ. ನಾವು ಕೆಲಸ ಬಿಟ್ಟ ಹಾಗಲ್ಲ, ಅವರು ಸಂಬಳ ಕೊಡೋ ಹೊತ್ತಿಗೆ ಕೆಲಸಕ್ಕೆ ಬಂದ ಹಾಗೆ.” ಇನ್ನಿಬ್ಬರು ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿ ಹಿರಿಯರ ಮುಖ ನೋಡಿದರು.

ಹಿರಿಯರು ಗಾಲಿ ಉಜ್ಜುತ್ತಲೇ ಕೇಳಿದರು. “ನಮ್ ಲೈಸನ್ಸು ಅವ್ರ ಪೆಟ್ಗೇಲಿ ಐತೆ ಕಣ್ಲಾ. ಓಗು ಅಂದ್ರೆ ಬೇರೆ ಯಾವ ಕಂಪ್ನಿಗೂ ಓಗಾಕಾಯ್ತದಾ?”

“ಹೋಗು ಅನ್ನಲ್ಲ ಅಣ್ಣ. ಈ ಒಲೆ ಹಚ್ಚೋಕೆ ಬರೋರು ಇನ್ಯಾರಿದ್ದಾರೆ ಅವರಿಗೆ?”

ಅವರು ಕೆಮ್ಮಿದರು. ಷೆಡ್ಡಿನಲ್ಲಿ ಬಿದ್ದ ದಿನದಿಂದ ಆ ಕೆಮ್ಮು ಬಿಟ್ಟಿರಲಿಲ್ಲ. “ಸರಿ, ನಡೀರ್ಲಾ,” ಎಂದರು.

ಮೊದಲ ದಿನ ನಾನು ಸ್ಟೇಷನ್ ಮುಂದೆ ಬಂದಾಗ ಆಗಲೇ ಮೂವತ್ತು ಜನ ಕಾಯುತ್ತಿದ್ದರು. ಮಳವಳ್ಳಿ ಕೋರ್ಟಿಗೆ ಹೋಗುವವರು, ವೀಳ್ಯದೆಲೆಯ ಕುಕ್ಕೆಯವರು, ತವರಿಗೆ ಹೊರಟ ಬಾಣಂತಿ. ಎದುರಿನ ಷೆಡ್ಡಿನಲ್ಲಿ ಬಸ್ಸು ತಣ್ಣಗಿತ್ತು. ನಾನು ಬಾಗಿಲು ಪೂರ್ತಿ ತೆಗೆದು ಎಲ್ಲರ ಕಣ್ಣೆದುರು ಬೂದಿ ತೆಗೆಯಲು ಕೂತೆ. ಟಿಕೆಟ್ಟು ಕೊಡುತ್ತಿದ್ದ ಏಜೆಂಟು ಬಾಯಿ ಬಾಯಿ ಬಡಿದುಕೊಂಡು ಯಜಮಾನರ ಮನೆಗೆ ಓಡಿದ. ಕೋರ್ಟಿನವನೊಬ್ಬ ನನ್ನ ವಂಶವನ್ನೆಲ್ಲ ಬೈದ.

ಎಲೆಯ ಕುಕ್ಕೆಯ ಮುದುಕಿಯೊಬ್ಬಳು ಹತ್ತಿರ ಬಂದಳು. “ಏನ್ಲಾ ಮಗ, ಬಸ್ ಒಲ್ಡೋ ಒತ್ನಲ್ಲಿ ಒಲೆ ಅಚ್ತಾ ಕುಂತಿದ್ದೀಯಾ?”

“ಒಲೆ ಹಚ್ಚೋ ಹೊತ್ತಿಗೆ ನಮಗೆ ಸಂಬಳ ಇಲ್ಲ ಕಣಜ್ಜಿ. ಓಡಿಸಿದ್ದಕ್ಕೆ ಮಾತ್ರ.”

“ಅದ್ಯಾವ ನ್ಯಾಯ? ಒಲೆ ಅಚ್ಚೋದೂ ಅಡ್ಗೆ ಕೆಲ್ಸಾನೇ ಅಲ್ವೇನ್ಲಾ?” ಎಂದು ಅವಳು ಕೋರ್ಟಿನವನ ಕಡೆ ತಿರುಗಿ, “ನಿಮ್ಮನೇಲಿ ಒಲೆ ತಾನೇ ಅತ್ಕತ್ತದಾ ಸ್ವಾಮಿ?” ಎಂದು ಕೇಳಿದಳು. ಸುತ್ತ ನಿಂತವರು ನಕ್ಕರು. ನಾನು ಇದ್ದಿಲು ತುಂಬಿ ಫ್ಯಾನು ತಿರುಗಿಸಿದೆ. ಬಸ್ಸು ಎಂಟು ಗಂಟೆಗೆ ಹೊರಟಿತು. ಉಳಿದ ಮೂವರೂ ಹಾಗೆಯೇ ಮಾಡಿದ್ದರು.

ಮೂರನೆಯ ದಿನ ಯಜಮಾನರು ನನ್ನೊಬ್ಬನನ್ನೇ ಕರೆಸಿದರು. ಜಗಲಿಯ ಮೇಲೆ ಕೂರಿಸಿ, ಒಳಗಿನಿಂದ ಕಾಫಿ ತರಿಸಿದರು. ಅವರ ಮನೆಯ ಕಾಫಿಯನ್ನು ನಾನು ಕುಡಿದದ್ದು ಅದೇ ಮೊದಲು.

“ನೀನು ಓದಿರೋನು. ಇವ್ರ ಜೊತೆ ಮಸಿ ಬಳ್ಕೊಂಡು ಯಾಕಿರ್ತೀಯ? ಮಂಡ್ಯದಲ್ಲಿ ಏಜೆಂಟ್ ಮಾಡ್ತೀನಿ. ತಿಂಗ್ಳಿಗಿಷ್ಟು ಅಂತ ಖಾಯಂ ಸಂಬ್ಳ. ಕುರ್ಚಿ, ಮೇಜು,” ಎಂದರು.

ಆಸೆಯಾಗಲಿಲ್ಲ ಎಂದರೆ ಸುಳ್ಳು. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂದ ಮೇಲೆ ಬೀದಿಗೆಲ್ಲ ಕರೆಂಟು ಬಂದಿತ್ತು, ಅಲ್ಲೊಂದು ಮನೆ ಮಾಡಬೇಕೆಂದು ನನಗೂ ಹೆಂಡತಿಗೂ ಇತ್ತು. ಲೋಟ ಕೆಳಗಿಡುವಷ್ಟು ಹೊತ್ತು ನಾನು ಆ ಮನೆಯಲ್ಲಿ ಓಡಾಡಿಕೊಂಡು ಬಂದೆ.

“ಇನ್ನು ಮೂರು ಜನಕ್ಕೆ?” ಎಂದೆ.

“ಅವ್ರ ಮಾತು ನಿಂಗ್ಯಾಕೆ?”

“ಹಾಗಾದರೆ ಬೇಡ ಯಜಮಾನರೇ.”

‘ಬುದ್ದಿ’ ಎನ್ನಬೇಕಾದಲ್ಲಿ ‘ಯಜಮಾನರೇ’ ಎಂದಿದ್ದೆ. ಬೇಕೆಂದು ಮಾಡಿದ್ದಲ್ಲ, ಬಾಯಿಂದ ಹಾಗೆ ಬಂತು. ಏಜೆಂಟ್ ಕೆಲಸ ಬೇಡವೆಂದದ್ದಕ್ಕಿಂತ ಅದು ಅವರಿಗೆ ಹೆಚ್ಚು ಚುಚ್ಚಿತು. ಮುಖ ಕೆಂಪಾಯಿತು. “ನಿಮ್ಮಪ್ಪನ್ಗೆ ಏಳ್ ಕಳಿಸ್ತೀನಿ ಇರು,” ಎಂದರು.

ಹೇಳಿ ಕಳಿಸಿಯೂ ಬಿಟ್ಟರು. ಜಾಮೀನಿನ ಹಣ ಕಟ್ಟು, ಇಲ್ಲವೇ ಮಗನಿಗೆ ಬುದ್ಧಿ ಹೇಳು ಎಂದು. ಎರಡು ದಿನ ಬಿಟ್ಟು ಅಪ್ಪ ಪೂರಿಗಾಲಿಯಿಂದ ಬಂದ. ನನ್ನ ಮನೆಗೂ ಬಾರದೆ ನೇರ ಅವರ ಮನೆಗೆ ಹೋದನೆಂದು ತಿಳಿದು ನಾನು ಓಡಿದೆ. ಹೋಗುವ ದಾರಿಯುದ್ದಕ್ಕೂ ಜಾಮೀನಿನ ಹಣಕ್ಕೆ ಹೊಲ ಮಾರಬೇಕಾದೀತೆಂಬ ಯೋಚನೆ. ಅಪ್ಪ ಕಾಲಿಗೆ ಬೀಳು ಎಂದರೆ ಏನು ಮಾಡುವುದು ಎಂಬ ಭಯ.

ಅಪ್ಪ ಜಗಲಿಯ ಕೆಳಗೆ ಕೋಲೂರಿಕೊಂಡು ನಿಂತಿದ್ದ. “ಬುದ್ದಿ, ನನ್ ಮಗ ಕೆಲ್ಸ ಬುಟ್ಟು ಓದ್ರೆ ಕಾಸು ಕಟ್ತೀನಿ ಅಂತ ಎಬ್ಬೆಟ್ಟು ಒತ್ತಿವ್ನಿ. ಅವ್ನು ಬುಟ್ಟು ಓಗವ್ನಾ?”

“ಓಗಿಲ್ಲ. ಆದ್ರೆ—”

“ದಿನಾ ಬತ್ತಾವ್ನಾ?”

“ಬತ್ತಾವ್ನೆ, ಒತ್ತಾದ್ ಮೇಲೆ.”

“ಒತ್ತಾರೇ ಬಂದು ಒಗೆ ಕುಡ್ದು ಸಾಯ್ತಾನೆ ಅಂತ ನಾನು ಎಬ್ಬೆಟ್ಟು ಒತ್ತಿಲ್ಲ ಬುದ್ದಿ. ಅಂಗ್ ಬರ್ದಿದ್ರೆ ಓದ್ಸಿ, ಕೇಳ್ತೀನಿ.”

ಓದಲು ಬಾರದ ಅಪ್ಪ ಓದಿಸಿ ಎಂದ. ಯಜಮಾನರ ಗುಮಾಸ್ತ ಕಾಗದ ತರಲು ಎದ್ದವನು ಯಜಮಾನರ ಮುಖ ನೋಡಿ ಮತ್ತೆ ಕೂತ. ಅದರಲ್ಲಿ ಒಲೆಯ ಮಾತೇ ಇರಲಿಲ್ಲ. ಬರೆದಾಗ ಒಲೆಯೇ ಇರಲಿಲ್ಲವಲ್ಲ! ಅಪ್ಪ ಕೈ ಮುಗಿದು ಹೊರಬಂದು ನನ್ನನ್ನು ಕಂಡ. “ನಿನ್ ಎಂಡ್ತಿ ಮುದ್ದೆ ಮಾಡವ್ಳೇನ್ಲಾ?” ಎಂದಷ್ಟೇ ಕೇಳಿದ.

ಮಾರನೆಯ ಬೆಳಿಗ್ಗೆ ಯಜಮಾನರು ಪೊಲೀಸ್ ದಫೇದಾರರನ್ನು ಕರೆದುಕೊಂಡು ಸ್ಟೇಷನ್ನಿಗೇ ಬಂದರು. ಪ್ರಯಾಣಿಕರಿಗೆ ಡ್ರೈವರುಗಳು ತೊಂದರೆ ಕೊಡುತ್ತಿದ್ದಾರೆ ಎಂಬ ದೂರು. ದಫೇದಾರರು ನನ್ನೆದುರು ಬಂದು ನಿಂತು, “ಏನಯ್ಯಾ, ನೀನೇನಾ ಮುಖಂಡ? ಲೈಸೆನ್ಸ್ ತೆಗಿ,” ಎಂದರು.

“ನನ್ನ ಹತ್ತಿರ ಇಲ್ಲ ಸ್ವಾಮಿ.”

“ಲೈಸೆನ್ಸ್ ಇಲ್ದೆ ಬಸ್ ಓಡಿಸ್ತೀಯಾ?”

“ಇದೆ ಸ್ವಾಮಿ. ಯಜಮಾನರ ಪೆಟ್ಟಿಗೇಲಿದೆ. ಕೊಟ್ಟ ದಿನದಿಂದ ಅಲ್ಲೇ ಇದೆ. ನಮ್ಮ ನಾಲ್ವರದೂ.”

ಇಷ್ಟು ವರ್ಷ ದಾರಿಯಲ್ಲಿ ಯಾರು ತಡೆದರೂ ಯಜಮಾನರ ಹೆಸರು ಹೇಳಿದರೆ ಸಾಕಿತ್ತು. ಆ ದಿನ ಕೇಳಿದವರ ಪಕ್ಕದಲ್ಲಿ ಯಜಮಾನರೇ ನಿಂತಿದ್ದರು, ಸುತ್ತ ಮೂವತ್ತು ನಲವತ್ತು ಜನ ನೋಡುತ್ತಿದ್ದರು. ದಫೇದಾರರು ತಿರುಗಿದರು. “ಏನ್ ಸಾವ್ಕಾರ್ರೇ, ಓಡ್ಸೋನ ಜೇಬಲ್ಲಿರ್ಬೇಕಾದ್ದು ನಿಮ್ ಪೆಟ್ಗೇಲಿ ಯಾಕಿದೆ?”

ಯಜಮಾನರು ಜೊತೆಗೆ ಬಂದಿದ್ದ ಗುಮಾಸ್ತನ ಕಡೆ ನೋಡಿದರು. “ಅವ್ರ ಕೈಗೆ ಲೈಸೆನ್ಸ್ ಬರೋವರ್ಗೂ ಒಂದು ಬಸ್ಸೂ ಅಲ್ಲಾಡಂಗಿಲ್ಲ,” ಎಂದರು ದಫೇದಾರರು. ಗುಮಾಸ್ತ ಪಂಚೆ ಎತ್ತಿಕೊಂಡು ಮನೆಗೆ ಓಡಿದ. ಕಾಲು ಗಂಟೆಯಲ್ಲಿ ನನ್ನ ಲೈಸೆನ್ಸು ನನ್ನ ಕೈಗೆ ಬಂತು. ಮೂಲೆಯೊಂದನ್ನು ಹುಳ ತಿಂದಿತ್ತು. ನನ್ನ ಹೆಸರು, ನನ್ನಪ್ಪನ ಹೆಸರು, ನನ್ನೂರು. ಎರಡು ಸಲ ಓದಿ, ಮಡಿಸಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡೆ. ಆಮೇಲೆ ನನ್ನ ಜೀವಮಾನದಲ್ಲಿ ಅದನ್ನು ಯಾರ ಪೆಟ್ಟಿಗೆಗೂ ಕೊಟ್ಟಿಲ್ಲ.

ಅಂದು ಮಧ್ಯಾಹ್ನವೇ ಮಾತುಕತೆಗೆ ಕರೆ ಬಂತು. ನಾಲ್ವರೂ ಹೋದೆವು. ಯಾರೂ ಕೂರಿ ಎನ್ನದಿದ್ದರೂ ನಾನು ಜಗಲಿಯ ಅಂಚಿಗೆ ಕೂತೆ, ಹಿರಿಯರನ್ನು ಪಕ್ಕಕ್ಕೆ ಕೂರಿಸಿಕೊಂಡೆ. ಯಜಮಾನರು ಗುಮಾಸ್ತನಿಗೆ, “ಇದ್ಲು ಅಚ್ಚೋ ಒತ್ಗೂ ಸಂಬ್ಳ ಅಂತ ಬರ್ಕೋ, ಮುಗೀಲಿ,” ಎಂದರು.

ಗೆದ್ದೆವು ಎಂದುಕೊಂಡೆ. ಆಗ ಹಿರಿಯರು ಕೆಮ್ಮಿ, “ಅಂಗ್ ಬ್ಯಾಡಿ ಸ್ವಾಮಿ. ಡ್ರೈವರು ಸೆಡ್ಗೆ ಬಂದ ಒತ್ತಿಂದ ಸೆಡ್ ಬುಡೋ ಒತ್ತಿನ ತಂಕ ಅಂತ ಬರ್ಸಿ,” ಎಂದರು.

“ಎರಡೂ ಒಂದೇ ಅಲ್ವೇನ್ಲಾ?”

“ಒಂದೇ ಆದ್ರೆ ನಾನೇಳ್ದಂಗೇ ಬರ್ಸಿ.”

ಯಜಮಾನರು ಪೆಟ್ಟಿಗೆ ಮುಚ್ಚಿದರು. ನಾವು ಎದ್ದೆವು. ಬೀದಿಯಲ್ಲಿ ನಾನು ಹಿರಿಯರ ಮೇಲೆ ರೇಗಿದೆ. ಕೈಗೆ ಬಂದದ್ದನ್ನು ಯಾಕೆ ಬಿಟ್ಟಿರಿ ಎಂದೆ. ಅವರು ನಿಂತು ಉಸಿರು ತೆಗೆದುಕೊಂಡರು.

“ಯುದ್ಧ ಇವತ್ತಲ್ಲ ನಾಳೆ ಮುಗೀತದೆ ಕಣ್ಲಾ. ಪೆಟ್ರೋಲ್ ಬತ್ತದೆ, ಈ ಒಲೆ ಗುಜ್ರಿಗೆ ಓಯ್ತದೆ. ಇದ್ಲು ಅಂತ ಬರ್ಸ್ಕೊಂಡ್ರೆ ಇದ್ಲು ಜೊತೆ ಸಂಬ್ಳಾನೂ ಓಯ್ತದೆ. ರೈಲ್ಗೆ ಕಾಯೋ ಒತ್ತೂ ಓಯ್ತದೆ.”

ನಾನು ಓದಿದವನು. ಅವರು ಸಹಿ ಹಾಕಲು ಮಾತ್ರ ಕಲಿತವರು. ಮತ್ತೆ ನಾಲ್ಕು ದಿನ ಆರೂವರೆಗೇ ಒಲೆ ಹಚ್ಚಿದೆವು. ಯಜಮಾನರು ಮಂಡ್ಯದಿಂದ ಒಬ್ಬ ಡ್ರೈವರನ್ನು ಕರೆಸಿ ನೋಡಿದರು. ಅವನಿಗೆ ಇದ್ದಿಲಿನ ಹದ ಗೊತ್ತಿಲ್ಲದೆ ಬಸ್ಸು ಹೊಳೆಯ ಸೇತುವೆಯ ಮೇಲೇ ಕೆಮ್ಮಿ ನಿಂತಿತು. ಜನ ಅದನ್ನು ವಾಪಸು ಸ್ಟೇಷನ್ನಿಗೆ ತಳ್ಳಿಕೊಂಡು ಬಂದರು. ಐದನೆಯ ದಿನ ಗುಮಾಸ್ತ ಹಿರಿಯರು ಹೇಳಿದ ಮಾತನ್ನೇ ಬರೆದು ತಂದ. ಲೈಸೆನ್ಸು ಡ್ರೈವರುಗಳ ಹತ್ತಿರವೇ ಇರತಕ್ಕದ್ದು, ಕೆಲಸದ ಹೊತ್ತಿನಲ್ಲಿ ಮೈಗೆ ಆಪತ್ತಾದರೆ ಆ ದಿನದ ಸಂಬಳ ಮುರಿಯತಕ್ಕದ್ದಲ್ಲ ಎಂಬುದೂ ಅದರಲ್ಲಿತ್ತು. ಈ ಸಲ ನಾನು ಪ್ರತಿ ಅಕ್ಷರವನ್ನೂ ಬೀದಿಗೆ ಕೇಳುವ ಹಾಗೆ ಗಟ್ಟಿಯಾಗಿ ಓದಿದೆ. ಆಮೇಲೆ ಸಹಿ.

ಎಲ್ಲವೂ ಸಿಗಲಿಲ್ಲ. ಹಿರಿಯರಿಗೆ ಹಾಕಿದ್ದ ದಂಡವನ್ನು ಯಜಮಾನರು ಕಡೆಗೂ ವಾಪಸು ಕೊಡಲಿಲ್ಲ. ಆರು ವರ್ಷದ ಮುಚ್ಚಳಿಕೆಯನ್ನು ಹರಿಯಲಿಲ್ಲ. ಹಿರಿಯರ ಎದೆ ಸರಿಹೋಗಲೇ ಇಲ್ಲ. ಎಂಟು ತಿಂಗಳು ಹೇಗೋ ಎಳೆದು, ಮೆಟ್ಟಿಲು ಹತ್ತಿದರೂ ಏದುಸಿರು ಬರುವಂತಾದಾಗ ಸ್ಟಿಯರಿಂಗ್ ಬಿಟ್ಟು ಊರಿಗೆ ಹೋದರು. ಆ ಷೆಡ್ಡಿನ ಬಾಗಿಲು ಮುಚ್ಚಿದವರಲ್ಲಿ ನಾನೂ ಒಬ್ಬ ಎಂಬುದು ನನ್ನನ್ನು ಈಗಲೂ ಬಿಟ್ಟಿಲ್ಲ.

ಯುದ್ಧ ಮುಗಿದು, ಪೆಟ್ರೋಲು ಮೆಲ್ಲಗೆ ಬಂದು, ಒಲೆಗಳನ್ನು ಬಿಚ್ಚಿ ಷೆಡ್ಡಿನ ಹಿಂದೆ ಎಸೆದ ವಾರವೇ ಗುಮಾಸ್ತ ಬಂದು, ಇನ್ನು ಒಲೆಯಿಲ್ಲ, ಆ ಸಂಬಳವೂ ಇಲ್ಲ ಎಂದ. ನಾನು ಟ್ರಂಕಿನಿಂದ ಕಾಗದ ತೆಗೆದು ಅವನ ಮೂಗಿನ ಮುಂದೆ ಹಿಡಿದೆ. “ಇದರಲ್ಲಿ ಇದ್ದಿಲು ಅನ್ನೋ ಮಾತು ಎಲ್ಲಿದೆ, ಬೆರಳಿಟ್ಟು ತೋರಿಸು.” ಅವನು ಹುಡುಕಿದ, ಸಿಗಲಿಲ್ಲ. ಬರೆದವನು ಅವನೇ.

ಸ್ವಾತಂತ್ರ್ಯ ಬಂದ ವರ್ಷ ನನ್ನ ಮುಚ್ಚಳಿಕೆ ಮುಗಿಯಿತು. ಯಜಮಾನರು ನನ್ನನ್ನು ಮುಂದುವರಿಸಲಿಲ್ಲ. “ನಿನ್ನಂಥೋನು ಇನ್ನು ನಂಗೆ ಬ್ಯಾಡ ಕಣಪ್ಪ,” ಎಂದರು. “ನನಗೂ ಹಾಗೇ ಅನ್ನಿಸಿದೆ,” ಎಂದೆ. ಜಗಳವಾಡಲಿಲ್ಲ. ಒಳಜೇಬು ಮುಟ್ಟಿ ನೋಡಿಕೊಂಡು ಹೊರಬಂದೆ. ಅದೇ ತಿಂಗಳು ಮಂಡ್ಯದ ಇನ್ನೊಂದು ಕಂಪನಿ ನನ್ನನ್ನು ತೆಗೆದುಕೊಂಡಿತು.

ಹೊಸ ಕರಾರಿನ ನಕಲು ಹಿಡಿದುಕೊಂಡು ಸೋಮನಹಳ್ಳಿಗೆ ಹೋದೆ. ಹಿರಿಯರು ಮನೆಯ ಮುಂದೆ ಬಿಸಿಲಿಗೆ ಕೂತಿದ್ದರು, ಬಹಳ ಸೊರಗಿದ್ದರು. ಹೆಂಡತಿ ಮಕ್ಕಳು ಹೇಗಿದ್ದಾರೆ ಎಂದು ಕೇಳುವುದಕ್ಕೂ ಮುಂಚೆ, “ಏನ್ ಬರ್ಸ್ಕೊಂಡೆ, ಓದು,” ಎಂದರು. ಓದಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು. ಮುಕ್ಕಾಲು ಪಾಲು ಓದಿದಾಗ ಕೈಯೆತ್ತಿ ತಡೆದರು.

“ಗಾಡಿ ಕೆಟ್ಟು ದಾರೀಲಿ ನಿಂತ್ರೆ ಆ ಒತ್ತು ಯಾರ್ದು? ಅದಿಲ್ವಲ್ಲ ಇದ್ರಲ್ಲಿ.”

ಮತ್ತೆ ಓದಿ ನೋಡಿದೆ. ಇರಲಿಲ್ಲ.

“ನಾಳೇನೇ ಓಗಿ ತಿದ್ಸು. ತಿದ್ಸೋಗಂಟ ಬಸ್ ಮುಟ್ಬ್ಯಾಡ,” ಎಂದರು.

ಮಾರನೆಯ ಬೆಳಿಗ್ಗೆ ಮಂಡ್ಯದ ಆಫೀಸಿನ ಬಾಗಿಲು ತೆಗೆಯುವ ಮುಂಚೆಯೇ ಹೋಗಿ ಮೆಟ್ಟಿಲ ಮೇಲೆ ಕೂತೆ. ಮ್ಯಾನೇಜರು ಬಂದು, ಬೆಳಿಗ್ಗೆಯೇ ಏನು ಎಂದರು. ಒಂದು ಸಾಲು ಬಿಟ್ಟುಹೋಗಿದೆ ಎಂದೆ. ಅವರು ನನ್ನ ಮುಖ ನೋಡಿ ನಿಟ್ಟುಸಿರು ಬಿಟ್ಟು ಪೆನ್ನು ತೆಗೆದರು.